ಪುಟ್ಟಿಯ ಕೆನ್ನೆಗೊಂದು ಕಪ್ಪು ಬೊಟ್ಟು

ನನ್ನ ರೂಮ್‌ಮೇಟ್ ಸಂಕಪ್ಪಣ್ಣನ ಉದ್ಯೋಗ ನಿಂತುಕೊಂಡಿರುವುದು. ದೋಹಾದ ಒಂದು ಮ್ಯೂಸಿಯಮ್ಮಿನಲ್ಲಿ ಎಂಟು ವರ್ಷದಿಂದ ಕಪ್ಪು ಕೋಟು ತೊಟ್ಟು, ಗೋಡೆಗೆ ಒರಗದೆ ನಿಂತಿದ್ದಾರೆ. ಬಂದವರೆಲ್ಲ ಚಿತ್ರ ನೋಡುತ್ತಾರೆ, ಇವರನ್ನು ಯಾರೂ ನೋಡುವುದಿಲ್ಲ. ನೋಡಿದರೂ ಟಾಯ್ಲೆಟ್ ಎಲ್ಲಿ ಎಂದು ಕೇಳುವುದಕ್ಕೆ. ಕಾರ್ಕಳದ ಕಡೆಯ ಈ ಮನುಷ್ಯನಿಗೆ ಒಳಗೊಳಗೇ ಅದರ ಬೇಜಾರಿದೆ. ಅಲ್ ಅಜೀಜಿಯಾ ಬಡಾವಣೆಯ ನಮ್ಮ ಕೋಣೆಗೆ ಬಂದು ದಿನಾ ನನ್ನ ತಲೆ ತಿನ್ನುತ್ತಾರೆ.

ಈ ಚಳಿಗಾಲ ಅಮೆರಿಕದಿಂದ ಇನ್ನೂರು ವರ್ಷ ಹಳೆಯ ಚಿತ್ರಗಳು ಎರವಲು ಬಂದವು. ಊರೂರು ಅಲೆದ ಪೇಂಟರುಗಳು ಬರೆದ ಗಂಡಸರು, ಹೆಂಗಸರು, ಮಕ್ಕಳು. ಒಬ್ಬರ ಮುಖದಲ್ಲೂ ನಗುವಿಲ್ಲ, ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ಕೂತವರಂತೆ. ಅವುಗಳಲ್ಲೊಂದು, ಕಾಗದದ ಮೇಲೆ ನೀರುಬಣ್ಣದಲ್ಲಿ ಬರೆದ ಪುಟ್ಟ ಹುಡುಗಿ, ತೊಡೆಯ ಮೇಲೆ ಬೆಕ್ಕು. ಬೆಕ್ಕಿಗೂ ಹುಡುಗಿಗೂ ಒಂದೇ ಮುಖ. ಸಂಕಪ್ಪಣ್ಣನಿಗೆ ಅದರ ಪಕ್ಕದಲ್ಲೇ ಡ್ಯೂಟಿ. ಊರಲ್ಲಿರುವ ಮಗಳು ಮೋಕ್ಷಾ ಸಿಟ್ಟು ಮಾಡಿದರೆ ಥೇಟ್ ಹೀಗೇ ಎಂದು ಮೊದಲ ದಿನವೇ ಕರಗಿಹೋದರು. ಪುಟ್ಟಿ ಎಂದು ಹೆಸರೂ ಇಟ್ಟರು.

ಚಿತ್ರಗಳ ಆರೈಕೆ ಮಾಡುವ ಮೆಲಿಸ್ಸಾ ಮೇಡಂ ಒಂದು ದಿನ ಶಾಲೆಯ ಮಕ್ಕಳಿಗೆ ವಿವರಿಸಿದರು: ಕಾಗದದ ಚಿತ್ರಕ್ಕೆ ಬೆಳಕು ಆಗದು, ಪ್ರದರ್ಶನಕ್ಕೆ ಇಟ್ಟಷ್ಟೂ ಬಣ್ಣ ಮಾಸುತ್ತದೆ, ಅದಕ್ಕೇ ಇಲ್ಲಿ ಲೈಟು ಮಂದ. ಪಕ್ಕದಲ್ಲಿ ನಿಂತಿದ್ದ ಸಂಕಪ್ಪಣ್ಣ ಎಲ್ಲ ಕೇಳಿಸಿಕೊಂಡರು.

"ಹತ್ತು ಜನ ನೋಡಿದ್ರೆ ಮಗು ಬಾಡ್ತದಂತೆ. ಮೇಡಮ್ಮೇ ಹೇಳಿದ್ದು. ಇದು ದೃಷ್ಟಿ ಅಲ್ಲದೆ ಮತ್ತೆಂತ ಮಾರಾಯ್ರೆ?" ಎಂದರು ಊಟಕ್ಕೆ ಕೂತಾಗ.

"ಅದು ಬೆಳಕು ಸಂಕಪ್ಪಣ್ಣ, ಬೆಳಕು."

"ಬೆಳಕು ಇದ್ರೆ ಅಲ್ವಾ ಜನ ನೋಡುದು?"

ನಾನು ಸಾರು ಬಡಿಸಿಕೊಂಡೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಪುಟ್ಟಿಯ ಕೆನ್ನೆಯ ನೇರಕ್ಕೆ, ಗಾಜಿನ ಮೇಲೆ, ಒಂದು ಕಪ್ಪು ಬೊಟ್ಟು ಇಟ್ಟರು. ಗಂಡಸರ ಕೋಣೆಯಲ್ಲಿ ಕಾಡಿಗೆ ಎಲ್ಲಿಂದ ಬರಬೇಕು? ಶೂ ಪಾಲಿಶ್. ಪಾಪ ಅಂತ ಬೆಕ್ಕಿಗೂ ಒಂದು.

ಮೆಲಿಸ್ಸಾ ಮೇಡಂ ಟಾರ್ಚು ಹಿಡಿದು ಬಂದವರು ಕಿರುಚಿದರು. ಎರಡು ಕಪ್ಪು ಚುಕ್ಕೆ! ಕಾಗದಕ್ಕೆ ಬೂಷ್ಟು ಹಿಡಿಯಿತೆಂದು ಹಾಲ್ ಮುಚ್ಚಿಸಿದರು, ಚಿತ್ರವನ್ನು ಇವತ್ತೇ ಪೆಟ್ಟಿಗೆಗೆ ಹಾಕಿ ಎಂದರು. ಪುಟ್ಟಿ ಹೊರಟೇಬಿಡುತ್ತಾಳೆಂದು ಸಂಕಪ್ಪಣ್ಣ ಮುಂದೆ ನುಗ್ಗಿ, ಕರ್ಚೀಫಿನಿಂದ ಎರಡೂ ಬೊಟ್ಟು ಒರೆಸಿ, ಕೈ ಕಟ್ಟಿ ನಿಂತರು.

ಸೂಪರ್‌ವೈಸರ್ ಉಳ್ಳಾಲದ ಜಲೀಲ್. "ನಿಮ್ಗೆ ಮಂಡೆ ಸಮ ಇಲ್ವಾ? ಇನ್ನೊಮ್ಮೆ ಗಾಜು ಮುಟ್ಟಿದ್ರೆ ಖಲಾಸ್! ಕಾರ್ ಪಾರ್ಕಿಂಗ್ ಡ್ಯೂಟಿ. ಆ ಮಗುವಿನ ಮುಖ ಮತ್ತೆ ನೋಡ್ಲಿಕ್ಕಿಲ್ಲ."

ಆ ದಿನ ಸಂಕಪ್ಪಣ್ಣ ಊಟ ಬಿಟ್ಟರು. ಬೊಟ್ಟಿಟ್ಟರೆ ಪುಟ್ಟಿಯನ್ನು ಬಿಡಬೇಕು, ಇಡದಿದ್ದರೆ ಪುಟ್ಟಿ ಬಾಡುತ್ತಾಳೆ. ಬೆಳಗಾಗುವಷ್ಟರಲ್ಲಿ ದಾರಿ ಹೊಳೆದಿತ್ತು. ತಮ್ಮದೇ ಕೆನ್ನೆಗೆ ರೂಪಾಯಿ ಅಗಲದ ಬೊಟ್ಟು ಇಟ್ಟುಕೊಂಡು ಪುಟ್ಟಿಯ ಪಕ್ಕ ನಿಂತರು. ಬಂದವರ ಮೊದಲ ಕಣ್ಣು ಇವರ ಮೇಲೆ ಬೀಳಲಿ ಎಂದು.

ಬಿತ್ತು. ಮಕ್ಕಳು ಬೆರಳು ತೋರಿಸಿದರು, ಯಾರೋ ಸೆಲ್ಫಿ ತೆಗೆದರು. ಮೆಲಿಸ್ಸಾ ಮೇಡಂ ಬಾಯಿ ಮುಚ್ಚಿಕೊಂಡು ನಕ್ಕು ಓಡಿದರು. ಜಲೀಲ್ ರೂಲ್ಸೆಲ್ಲ ನೋಡಿದ. ಶೂ, ಉಗುರು, ಗಡ್ಡದ ಬಗ್ಗೆ ಇತ್ತು, ಕೆನ್ನೆಯ ಬಗ್ಗೆ ಇರಲಿಲ್ಲ.

ಸಂಜೆ ಮದುಮಗನ ಹಾಗೆ ಮನೆಗೆ ಬಂದು ಹೆಂಡತಿ ಜ್ಯೋತ್ಸ್ನಾಗೆ ಫೋನು ಹಚ್ಚಿದರು. "ಇವತ್ತು ಎಲ್ಲರೂ ನನ್ನನ್ನೇ ನೋಡಿದ್ದು ಮಾರಾಯ್ತಿ!"

"ಹಾಗಾದ್ರೆ ನಿಮ್ಗೇ ದೃಷ್ಟಿ ಆಗಿರ್ತದೆ. ಉಪ್ಪು, ಮೆಣಸು ನಿವಾಳಿಸಿ ಬೆಂಕಿಗೆ ಹಾಕ್ಲಿಕ್ಕೆ ಹೇಳಿ."

ಯಾರಿಗೆ? ನನಗೆ. ಬೈದುಕೊಳ್ಳುತ್ತಾ ನಿವಾಳಿಸಿ ಕಾದ ಬಾಣಲೆಗೆ ಹಾಕಿದೆ. ಸ್ಮೋಕ್ ಅಲಾರಂ ಬಡಿದುಕೊಂಡಿತು. ಲುಂಗಿ, ಬನಿಯನ್ನಿನಲ್ಲಿ ಇಡೀ ಬಿಲ್ಡಿಂಗ್ ರಸ್ತೆಗೆ ಇಳಿಯಿತು.

"ಘಾಟು ಬಂತಾ?" ಎಂದಳು ಜ್ಯೋತ್ಸ್ನಾ ಫೋನಿನಲ್ಲಿ.

"ಬಿಲ್ಡಿಂಗೇ ಕೆಮ್ಮುತ್ತಾ ಉಂಟು!" ಎಂದು ಕೂಗಿದೆ.

"ಹಾಗಾದ್ರೆ ಎಂತ ಆಗ್ಲಿಲ್ಲ. ದೃಷ್ಟಿ ಇದ್ರೆ ಮೆಣಸು ಸುಟ್ರೂ ಘಾಟು ಬರುದಿಲ್ಲ."

ಸಂಕಪ್ಪಣ್ಣನ ಮುಖ ಇಳಿದುಹೋಯಿತು. "ಅಷ್ಟು ಜನ ನೋಡಿದ್ದಾರೆ ಮಾರಾಯ್ರೆ..." ಎಂದರು. ಕಣ್ಣಲ್ಲಿ ನೀರು, ಎಲ್ಲವೂ ಹೊಗೆಯದಲ್ಲ. ನನಗೆ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸಿತು.

"ಮೆಣಸೇ ಸರಿ ಇಲ್ಲ ಸಂಕಪ್ಪಣ್ಣ. ನಾಳೆ ಬೇರೆ ತರುವ."

ಅವರು ಮೂಗು ಒರೆಸಿಕೊಂಡರು.

"ಬ್ಯಾಡಗಿ ತನ್ನಿ" ಎಂದರು. "ಅದಕ್ಕೆ ಘಾಟು ಕಮ್ಮಿ."