ಗೋಡೆಯ ಡಬ್ಬಿ, ಜೋತುಬಿದ್ದ ವೈರು

ಆ ದಿನ ನನ್ನ ಗಂಡ ಹಿಂದಿನ ಓಣಿಯ ಮಾಳಿಗೆಯ ಮೇಲಿದ್ದರು. ನಾನು ಒಲೆಯ ಮುಂದಿದ್ದೆ. ಅವರ ಫೋನು ಬಂತು.

"ದುರ್ಗಿ, ಡಬ್ಬಿ ನೋಡು. ಮೂರನೇದು ಹತ್ತೈತೇನು?"

"ಇಲ್ಲರಿ."

"ಈಗ?"

"ಈಗೂ ಇಲ್ಲ. ಇಲ್ಲಿ ರೊಟ್ಟಿ ಸೀಯಾಕತ್ತೈತಿ."

"ಸೀದದ್ದು ನಾ ತಿಂತೀನಿ. ನೀ ದೀಪ ನೋಡು. ಈಗ?"

"ಹತ್ತಿತು. ಹಸರು. ಮಿಣಮಿಣ ಅನ್ನಾಕತ್ತೈತಿ."

"ಛಲೋ ಆತು."

ನನ್ನ ಗಂಡ ಯಂಕೇಶ. 2012ರಲ್ಲಿ ಕೊಪ್ಪಳದ ನಮ್ಮ ಓಣಿಗಳಿಗೆ ಇಂಟರ್ನೆಟ್ ಲೈನ್ ಕೊಟ್ಟವರು. ಜೊತೆಗೆ ಕನಕಪ್ಪಣ್ಣ ಇದ್ದರು, ಕಂಬದ ಕೆಲಸ ಅವರದು. ಎಲ್ಲ ಮನೆಗಳ ವೈರು ಬಂದು ಸೇರುವ ಡಬ್ಬಿ ನಮ್ಮ ಅಡುಗೆಮನೆಯ ಗೋಡೆಯಲ್ಲಿತ್ತು. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಫ್ಯಾನಿನ ಸ್ವಿಚ್ಚಿಗೂ ಅದಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದೊಂದು ವೈರಿಗೆ ಒಂದೊಂದು ಸಣ್ಣ ದೀಪ. ಅವರು ಹೊರಗೆ ರಿಪೇರಿ ಮಾಡುವರು, ನಾನು ಒಳಗೆ ದೀಪ ನೋಡಿ ಹೇಳುವೆ. ಎರಡನೇ ಇಯತ್ತೆ ಕಲಿತವಳಿಗೆ ಅಷ್ಟು ಬರುತ್ತಿತ್ತು.

ಮಧ್ಯಾಹ್ನ ಬಂದು ಸೀದ ರೊಟ್ಟಿಯನ್ನೇ ತಿಂದರು. ಎದುರುಮನೆಯ ಗೌಸಬೀಗೆ ಹೊಸ ಲೈನ್ ಕೊಡಬೇಕಿತ್ತು. ವೈರಿನ ಒಂದು ತುದಿ ಡಬ್ಬಿಗೆ ಸಿಗಿಸಿ, ಇನ್ನೊಂದನ್ನು ಜೋತುಬಿಟ್ಟು, "ನಾಳೆ ಎಳಿತೀನಿ" ಎಂದರು.

ಮರುದಿನ ಸಾಮಾನು ತರಲು ಹೊಸಪೇಟೆಗೆ ಹೊರಟರು. ಹಿಟ್ನಾಳದ ಹತ್ತಿರ ಲಾರಿ ಬಡಿಯಿತು. ಮನೆಗೆ ತಂದರು. ಒಯ್ದರು.

ಮಣ್ಣು ಕೊಟ್ಟ ಮೇಲೆ, ಸತ್ತವರ ದಿನಕರ್ಮ ಮಾಡುವ ಮುಂಚೆ, ನಮ್ಮಲ್ಲಿ ಮನೆಗೆ ಸುಣ್ಣ ಹಚ್ಚುತ್ತಾರೆ. ಗೋಡೆಯಲ್ಲಿದ್ದದ್ದೆಲ್ಲ ಇಳಿಯಬೇಕು. ಮತ್ತೆ ಎಲ್ಲವೂ ತನ್ನ ಜಾಗಕ್ಕೆ ಏರಬೇಕು. ಹಗ್ಗದ ತುದಿ ಕೂಡ ಜೋತಾಡಬಾರದು. ನನ್ನ ಗಂಡನ ಅಕ್ಕ ಶಾಂತಕ್ಕ ನಿಂತು ಅದನ್ನೆಲ್ಲ ಮಾಡಿಸಿದರು. ನಾನು ಮೂಲೆಯಲ್ಲಿ ಕೂತಿದ್ದೆ. ಏನು ಇಳಿಸಿದರು, ಏನು ಏರಿಸಿದರು, ನೋಡಲಿಲ್ಲ.

ಅಂದಿನಿಂದ ಯಾರ ಮನೆಯಲ್ಲೂ ನೆಟ್ ಇಲ್ಲ. ಬಾಗಿಲಿಗೆ ಬಂದವರು ಮೊದಲು ಅಯ್ಯೋ ಎಂದರು. ಆಮೇಲೆ, "ನೆಟ್ ಯಾವಾಗ ಬರ್ತೈತ್ರಿ?" ಎಂದರು. ಡಬ್ಬಿ ನೋಡಿದರೆ ದೀಪಗಳೆಲ್ಲ ಹತ್ತಿದ್ದವು. ಮೊದಲು ಒಂದು ಮಿಣುಕಿದರೆ ಇನ್ನೊಂದು ಸುಮ್ಮನಿರುತ್ತಿತ್ತು. ಈಗ ಎಲ್ಲವೂ ಒಟ್ಟಿಗೆ, ಹುಚ್ಚು ಹಿಡಿದ ಹಾಗೆ. ದೀಪ ಹತ್ತಿದರೆ ಛಲೋ ಎಂದೇ ನಾನು ಕಲಿತದ್ದು. ದೀಪ ಇದೆ, ನೆಟ್ ಇಲ್ಲ ಎಂದರೆ ಏನು?

ಕನಕಪ್ಪಣ್ಣ ಹೊರಗಿನ ಲೈನ್ ನೋಡಿದರು, ಸರಿ ಇತ್ತು. ಕರೆಂಟಿನ ವೈರು ಬದಲಿಸಿದರು. ಡಬ್ಬಿ ಆರಿಸಿ ಮತ್ತೆ ಹಚ್ಚಿದರು. ಅದೇ ಕುಣಿತ.

"ಡಬ್ಬಿ ಕೆಟ್ಟೈತಿ ತಂಗೆವ್ವಾ. ಹೊಸದು ತಂದು ನನ್ನ ಅಂಗಡ್ಯಾಗ ಇಡ್ತೀನಿ. ನಿನಗ್ಯಾಕ ಈ ಕಾಟ."

"ಕಾಟ ಅಂತ ನಾ ಅಂದೀನೇನ್ರಿ ಅಣ್ಣಾರ?"

"ಇಲ್ಲಿ ನೋಡಾವ್ರು ಯಾರದಾರ?"

"ಇಷ್ಟ ದಿನ ನೋಡಿದಾಕಿ ಯಾರು?"

ನನಗೆ ಬೇರೇನೂ ಬೇಕಾಗಿರಲಿಲ್ಲ. ನನ್ನ ಗಂಡ ಕೈಯಾರೆ ಕೂಡಿಸಿದ ಡಬ್ಬಿ ಈ ಗೋಡೆಯಲ್ಲೇ ಇರಬೇಕಿತ್ತು. ಆದರೆ ಕೆಟ್ಟದ್ದನ್ನು ಇಟ್ಟುಕೊಂಡು ಓಣಿಯವರಿಗೆ ಏನು ಹೇಳಲಿ?

ಡಬ್ಬಿ ಇಳಿಸಲೆಂದು ಕನಕಪ್ಪಣ್ಣ ವೈರುಗಳನ್ನು ಒಂದೊಂದಾಗಿ ಕೀಳತೊಡಗಿದರು. ಕರೆಂಟು ಇನ್ನೂ ಇತ್ತು. ರೂಢಿಗೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಒಂದು ಆರಿತು. ಇನ್ನೊಂದು ಆರಿತು."

"ನನಗೂ ಕಣ್ಣದಾವು, ಸುಮ್ಕಿರವ್ವ."

"ಈಗ ಎರಡು ಆರಿದವು."

ಅವರ ಕೈ ನಿಂತಿತು. ಕಿತ್ತದ್ದು ಒಂದೇ ವೈರು. ಉಳಿದ ದೀಪಗಳಲ್ಲಿ ಮೊದಲಿನ ಹಾಗೆ ಒಂದು ಮಿಣುಕುತ್ತಿತ್ತು, ಒಂದು ಸುಮ್ಮನಿತ್ತು. ಹಿತ್ತಲ ಕಡೆಯಿಂದ ನೆರೆಮನೆಯ ಬಾಬಾಸಾಬ ಕೂಗಿದರು: "ಬಂತ್ರಿ, ನೆಟ್ ಬಂತು."

ಕನಕಪ್ಪಣ್ಣ ಆ ವೈರು ಹಿಡಿದು ನೋಡುತ್ತ ಹೋದರು. ಅದು ಗೌಸಬೀ ಮನೆಗೆಂದು ಇಟ್ಟಿದ್ದ ವೈರು. ಅದರ ಎರಡೂ ತುದಿಗಳನ್ನು ಅದೇ ಡಬ್ಬಿಗೆ ಸಿಗಿಸಿದ್ದರು.

"ಯಾರು ಸಿಗಿಸ್ಯಾರ ಇದನ್ನ?"

"ನಾನ," ಎಂದರು ಬಾಗಿಲಲ್ಲಿ ನಿಂತಿದ್ದ ಶಾಂತಕ್ಕ. "ಜೋತಾಡಾಕತ್ತಿತ್ತು. ತೂತು ಖಾಲಿ ಇತ್ತು, ಕುಂತಿತು. ತಪ್ಪೇನು?"

"ಡಬ್ಬ್ಯಾಗಿಂದ ಹೊಂಟದ್ದು ತಿರುಗಿ ಇಲ್ಲಿಗೇ ಬರಾಕತ್ತಿತ್ತಕ್ಕಾ. ಅದ ಸುತ್ತಿ ಸುತ್ತಿ, ಮಂದೀ ನೆಟ್ ದಾಟಾಕ ದಾರಿ ಇಲ್ಲದಂಗಾತು."

ಶಾಂತಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ತಿಳಿಯಲಿಲ್ಲ. ಒಂದು ವೈರು ತನಗೆ ತಾನೇ ಕೂಡಿಕೊಂಡರೆ ಓಣಿಗಳೆಲ್ಲ ಯಾಕೆ ನಿಲ್ಲಬೇಕು? ನನ್ನ ಗಂಡ ಇದ್ದಿದ್ದರೆ ಕೇಳುತ್ತಿದ್ದೆ.

ಅದೊಂದನ್ನು ಬಿಟ್ಟು, ಕಿತ್ತ ವೈರುಗಳನ್ನು ಕನಕಪ್ಪಣ್ಣ ಮತ್ತೆ ಸಿಗಿಸಿದರು. ಹತ್ತಿತು, ಹತ್ತಿತು ಎಂದು ನಾನು ಹೇಳುತ್ತ ಹೋದೆ.

"ಇಲ್ಲೇ ಇರ್ಲಿ ಬಿಡವ್ವ," ಎಂದರು. "ನನ್ನ ಅಂಗಡ್ಯಾಗ ಇಷ್ಟು ಒದರಾವ್ರು ಯಾರೂ ಇಲ್ಲ."

ಗೌಸಬೀಗೆ ಬೇರೆ ವೈರು ಎಳೆದರು. ಇದನ್ನು ನಾನು ಕೊಡಲಿಲ್ಲ. ನನ್ನ ಗಂಡ ಸಿಗಿಸಿದ ತುದಿ ಡಬ್ಬಿಯಲ್ಲಿದೆ, ಇನ್ನೊಂದು ಜೋತುಬಿದ್ದಿದೆ.

ಈಗಲೂ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅವರ ಹಳೆಯ ಬನಿಯನ್ನಿನಿಂದ ಡಬ್ಬಿಯ ಧೂಳು ಒರೆಸುತ್ತೇನೆ. ಯಾರೂ ಮತ್ತೆ ಸಿಗಿಸದ ಹಾಗೆ ಜೋತುಬಿದ್ದ ತುದಿಯನ್ನು ಕಿಟಕಿಯ ಸರಳಿಗೆ ಸುತ್ತುತ್ತೇನೆ. ಆಮೇಲೆ ಕನಕಪ್ಪಣ್ಣನಿಗೆ ಫೋನು ಹಚ್ಚಿ ಯಾವ್ಯಾವ ದೀಪ ಹತ್ತಿದೆ ಎಂದು ಹೇಳುತ್ತೇನೆ. ನನ್ನ ಗಂಡ ಆ ದಿನ ಕೇಳಿದ ಮೂರನೆಯದರಿಂದ ಶುರು ಮಾಡುತ್ತೇನೆ.