ನೂರ ಹದಿನಾರು ಸೆಂಟಿಮೀಟರಿನ ಹೋರಿ

ಏಪ್ರಿಲ್‌ನ ಬೆಳಗು, ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಲೈಟ್ರಿಮ್ ಸೀಮೆಯ ಗುಡ್ಡದಂಚಿನ ಅಂಗಳವೊಂದರಲ್ಲಿ ಎಪ್ಪತ್ತೊಂದರ ಫೆಸ್ಟಸ್ ಗ್ಲಾನ್ಸಿ ಬೂಟು ಕಳಚಿಟ್ಟು, ಬರೀ ಕಾಲುಚೀಲದಲ್ಲಿ ಒದ್ದೆ ಸಿಮೆಂಟಿನ ಮೇಲೆ ನಿಂತಿದ್ದಾರೆ. ಕಬ್ಬಿಣದ ಕಂಬಿಗಳ ಇಕ್ಕಟ್ಟಾದ ಓಣಿಯೊಳಗೆ ಒಂದೊಂದಾಗಿ ಹೋರಿಗಳು ಬರುತ್ತವೆ. ಹೋರಿ ಪಕ್ಕಕ್ಕೆ ಬಂದು ನಿಂತ ಕೂಡಲೇ ಅವರು ಉಸಿರು ಬಿಗಿಹಿಡಿದು, ಅದರ ಸೊಂಟದ ಮೂಳೆ ತಮ್ಮ ಕೋಟಿನ ಎರಡನೆಯ ಗುಂಡಿಯನ್ನು ಮೀರಿದೆಯೇ ಎಂದು ನೋಡುತ್ತಾರೆ. ಆಮೇಲೆ ಬಾಲದ ಬುಡವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

“ಕಾಲು ಮರಗಟ್ಟಿಹೋಗತ್ತೆ, ಬೂಟು ಹಾಕ್ಕೊಳ್ಳಿ,” ಎನ್ನುತ್ತಾರೆ ಹೋರಿಗಳ ಒಡತಿ ಅಟ್ರಾಕ್ಟಾ ಮುಲ್ವೇ.

“ಬೂಟು ಹಾಕ್ಕೊಂಡು ಒಂದ್ಸಲ ಕೆಟ್ಟಿದೀನಿ ಕಣಮ್ಮ. ಸಾಕು.”

ಆ ಗುಂಡಿ ನೆಲದಿಂದ ಸರಿಯಾಗಿ ನೂರ ಹದಿನಾರು ಸೆಂಟಿಮೀಟರ್ ಎತ್ತರದಲ್ಲಿದೆ. ಹದಿಮೂರು ತಿಂಗಳ, ಮುನ್ನೂರು ಕಿಲೊ ತೂಕದ ಹೋರಿ ಅಷ್ಟೇ ಎತ್ತರವಿದ್ದರೆ, ಕಾಳು ಹಿಂಡಿಯ ಹಂಗಿಲ್ಲದೆ ಬರೀ ಹುಲ್ಲು ಮೇಯ್ದು ದಿನಕ್ಕೊಂದು ಕಿಲೊ ಬೆಳೆಯುತ್ತದೆ. ಅಕ್ಟೋಬರ್‌ನಲ್ಲಿ ನಾನೂರ ಎಂಬತ್ತು ಕಿಲೊ ಮುಟ್ಟಿ, ಮಾಂಸಕ್ಕೆ ಬೇಕಾದಷ್ಟು ಕೊಬ್ಬು ಕಟ್ಟುತ್ತದೆ. ಅದಕ್ಕಿಂತ ಎತ್ತರದ ಹೋರಿ ತಿಂದದ್ದನ್ನೆಲ್ಲ ಮೂಳೆಗೆ ಹಾಕುತ್ತದೆ. ಎತ್ತರ ಮೂರು ಸೆಂಟಿಮೀಟರ್ ಹೆಚ್ಚಿದ್ದರೆ, ಕೊಬ್ಬು ಕಟ್ಟಲು ಇನ್ನೂ ಮೂವತ್ತು ಕಿಲೊ ಬೆಳೆಯಬೇಕು. ಮೂವತ್ತು ಕಿಲೊ ಎಂದರೆ ಒಂದು ತಿಂಗಳು. ಅಕ್ಟೋಬರ್ ಕಳೆದ ಮೇಲೆ ಆ ಒಂದು ತಿಂಗಳು ಹುಲ್ಲಿನ ಬಳಿ ಇಲ್ಲ.

ಒಂಬತ್ತು ವರ್ಷಗಳ ಹಿಂದೆ ಫೆಸ್ಟಸ್ ಹೊಸ ರಬ್ಬರ್ ಬೂಟು ಕೊಂಡರು. ಅದರ ಅಟ್ಟೆ ಹಳೆಯದಕ್ಕಿಂತ ಮೂರು ಸೆಂಟಿಮೀಟರ್ ದಪ್ಪ. ಅದನ್ನು ಮೆಟ್ಟಿಕೊಂಡೇ ಅದೇ ಊರಿನ ರೈತ ಮ್ಯಾಲಕಿ ಟೈ ಅವರಿಗೆ ಹದಿನಾಲ್ಕು ಹೋರಿ ಆರಿಸಿಕೊಟ್ಟರು. ಗುಂಡಿ ಮೇಲೇರಿದ್ದು ಹೊಳೆಯಲಿಲ್ಲ. ಅಕ್ಟೋಬರ್ ಮಳೆ ಹಿಡಿದಾಗ ಒಂದರ ಬೆನ್ನೂ ತುಂಬಿರಲಿಲ್ಲ. ಮ್ಯಾಲಕಿಗೆ ಚಳಿಗಾಲದ ಕೊಟ್ಟಿಗೆ ಇರಲಿಲ್ಲ. ಜೇಡಿಮಣ್ಣಿನ ಹೊಲದಲ್ಲಿ ಹೋರಿಗಳು ಮೊಣಕಾಲುದ್ದ ಹೂತುಹೋದವು, ಹುಲ್ಲಿನ ಬೇರೂ ಉಳಿಯಲಿಲ್ಲ. ಕೊನೆಗೆ ಮ್ಯಾಲಕಿ ಹೊಲವನ್ನೇ ಮಾರಬೇಕಾಯಿತು.

“ಅಲ್ಲಿ ಈಗ ಪೈನ್ ಮರ ನೆಟ್ಟಿದಾರೆ. ಆ ರಸ್ತೇಲಿ ನಾನು ಹೋಗಲ್ಲ,” ಎನ್ನುತ್ತಾರೆ ಫೆಸ್ಟಸ್.

ಅಟ್ರಾಕ್ಟಾಗೂ ಕೊಟ್ಟಿಗೆ ಇಲ್ಲ. ಬರೀ ಹುಲ್ಲಿನ ಮೇಲೆ ಹೋರಿ ಬಲಿಸಲು ಹೊರಟಿರುವುದು ಇದೇ ಮೊದಲ ವರ್ಷ. ಆಯ್ಕೆ ತಪ್ಪಿದರೆ ಅವರ ಹೊಲವೂ ಮರಗಳ ಪಾಲು.

ಸುತ್ತಲಿನ ಇಪ್ಪತ್ತಾರು ಮನೆಗಳಿಗೆ, ಪ್ರತಿ ವಸಂತದಲ್ಲಿ ಸುಮಾರು ನಾನೂರು ಹೋರಿಗಳನ್ನು ಫೆಸ್ಟಸ್ ನೋಡುತ್ತಾರೆ. ಅಳತೆಕೋಲು ಹಿಡಿದರೆ ಹೋರಿ ಹೆದರಿ ಬೆನ್ನು ಗೂನು ಮಾಡುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯನಿಗೆ ಹೆದರುವುದಿಲ್ಲ. ಮಾಂಸದಂಗಡಿಯ ಯಾವ ಚೀಟಿಯ ಮೇಲೂ ಇವರ ಹೆಸರಿಲ್ಲ.

ಈಗಿನ ಭಯ ಬೇರೆ. ಕಳೆದ ತಿಂಗಳು ಚಿಕಿತ್ಸಾಲಯದ ನರ್ಸ್ ಇವರ ಎತ್ತರ ಅಳೆದಾಗ ಎರಡು ಸೆಂಟಿಮೀಟರ್ ಕಡಿಮೆ ಬಂತು. ವಯಸ್ಸಿಗೆ ಬೆನ್ನು ಕುಗ್ಗಿದೆ. ಗುಂಡಿ ಕೆಳಗಿಳಿದರೆ ಆರಿಸುವ ಹೋರಿಯೂ ಗಿಡ್ಡವಾಗುತ್ತದೆ. ಗಿಡ್ಡ ಹೋರಿ ಆಗಸ್ಟ್‌ಗೇ ಬಲಿತು, ಆಮೇಲೆ ತಿಂದದ್ದೆಲ್ಲ ಬರೀ ಕೊಬ್ಬು. ಹೆಂಡತಿ ಡೆಲಿಯಾ ಗುಂಡಿಯನ್ನು ಎರಡು ಸೆಂಟಿಮೀಟರ್ ಮೇಲಕ್ಕೆ ಹೊಲಿದುಕೊಟ್ಟಿದ್ದಾರೆ. “ಇನ್ನು ಹತ್ತು ವರ್ಷ ಬಿಟ್ರೆ ಗುಂಡಿ ಗಡ್ಡಕ್ಕೇ ಹೊಲೀಬೇಕಾಗತ್ತೆ,” ಎಂದು ಅವರು ಹಂಗಿಸುತ್ತಾರೆ. ಫೆಸ್ಟಸ್ ನಗುವುದಿಲ್ಲ. “ನರ್ಸಮ್ಮ ನನ್ನ ಗೋಡೆಗೆ ಒರಗಿಸಿ ಅಳೆದಳು. ಇಲ್ಲಿ ಗೋಡೆ ಎಲ್ಲಿದೆ? ಎಷ್ಟು ಬಾಗಿದೀನಿ ಅಂತ ನಂಗೇ ಗೊತ್ತಾಗಲ್ಲ.”

ಹನ್ನೊಂದು ಆರಿಸಿಯಾಗಿದೆ. ಹನ್ನೆರಡನೆಯದು ಕಂದು ಬಣ್ಣದ್ದು. ಹೆಬ್ಬೆರಳಿನಡಿಯಲ್ಲಿ ಚರ್ಮ ಮೆದುವಾಗಿದೆ, ಬೇಗ ಬಲಿಯುವ ಲಕ್ಷಣ. ಆದರೆ ಮೂಳೆ ಒಮ್ಮೆ ಗುಂಡಿಗೆ ಸಮ, ಒಮ್ಮೆ ಮೇಲೆ, ಮತ್ತೊಮ್ಮೆ ಕೆಳಗೆ. ಫೆಸ್ಟಸ್ ಬೆನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ನೋಡುತ್ತಾರೆ.

“ಬಿಡು, ಬೇಡ,” ಎನ್ನುತ್ತಾರೆ ಕೊನೆಗೆ.

“ಹನ್ನೆರಡು ಕೊಡ್ತೀನಿ ಅಂತ ಮಾಂಸದಂಗಡಿಯವನಿಗೆ ಮಾತು ಕೊಟ್ಟಿದೀನಿ. ಇದು ನಿಮ್ಮ ಲೆಕ್ಕಾನಾ, ಭಯಾನಾ?”

“ಗೊತ್ತಿಲ್ಲ ಮಗಳೇ. ಒಂಬತ್ತು ವರ್ಷದಿಂದ ಎರಡೂ ಒಂದೇ ಥರ ಕಾಣತ್ತೆ.”

ಅಟ್ರಾಕ್ಟಾ ಕಂದು ಹೋರಿಯನ್ನು ಬೇರೆ ಬಾಗಿಲಿಂದ ಹೊರಗೆ ಬಿಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು, ಇದನ್ನೆಲ್ಲ ಬರೆದುಕೊಳ್ಳುತ್ತ ನಿಂತಿದ್ದ ನಾನು ಕೇಳಿದಾಗ ಫೆಸ್ಟಸ್ ಉತ್ತರಿಸುವುದು ನನಗಲ್ಲ, ಅಟ್ರಾಕ್ಟಾಗೆ.

“ಮ್ಯಾಲಕಿ ನಂಗೆ ಒಂದು ಮಾತೂ ಹೇಳಲಿಲ್ಲ. ಊರೆಲ್ಲ ಮಾತಾಡಿದ ಮೇಲೆ ನಂಗೆ ಗೊತ್ತಾಯ್ತು. ಈ ಹನ್ನೊಂದರಲ್ಲಿ ಒಂದರ ಬೆನ್ನು ತುಂಬದೇ ಇದ್ರೂ ಮೊದಲು ನನ್ನ ಮನೆಗೆ ಬಾ. ಬೈಯೋದಾದ್ರೆ ಬೈಯಿ. ನೀನೇ ಬಂದು ಹೇಳಿದ್ರೆ ಸಾಕು.”