ಬಾವಿಗೆ ಬಿದ್ದ ಮಗು, ಹಗ್ಗ ತಂದ ಅಜ್ಜಿ

“ಲೇ ಸುಜಾತ, ಯಾವ ಬಾವಿನೇ ಅದು? ಮಗು ಇನ್ನೂ ಒಳಗೇ ಐತಾ?”

ಹೆಗಲ ಮೇಲೆ ಹಗ್ಗ ಹೊತ್ತು ಗ್ರಂಥಾಲಯಕ್ಕೆ ಓಡಿಬಂದಿದ್ದರು ಗಂಗಜ್ಜಿ.

ಹಿರೇನಲ್ಲೂರು ಹತ್ತಿರ ನಾನು ನೋಡಿಕೊಳ್ಳುವ ಈ ಗ್ರಂಥಾಲಯಕ್ಕೆ ಜನ ಬರುತ್ತಿಲ್ಲವೆಂದು ಮುಚ್ಚುವ ಮಾತು ನಡೆದಿತ್ತು. ಅದಕ್ಕೇ ಅವತ್ತು ಬೆಳಿಗ್ಗೆ ಒಂದು ಕಥೆ ಓದಿ, ರೆಕಾರ್ಡ್ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಮಗು ಬಾವಿಗೆ ಬಿದ್ದಲ್ಲಿಗೆ ನಿಲ್ಲಿಸಿ, ‘ಮುಂದಿನದು ಗ್ರಂಥಾಲಯದಲ್ಲಿ’ ಎಂದಿದ್ದೆ. ಸೊಸೆಯ ಫೋನಿನಲ್ಲಿ ಕೇಳಿದ ಅಜ್ಜಿ ನಿಜವೆಂದೇ ನಂಬಿದ್ದರು.

“ಕಥೆ ಕಣಜ್ಜಿ” ಎಂದೆ.

“ಕಥೆನೋ ಗಿಥೆನೋ, ಮಗು ಮೇಲಕ್ಕೆ ಬರೋಗಂಟ ಓದು” ಎಂದು ಬೆಂಚಿನ ಮೇಲೆ ಕೂತರು. ಹಿಂದೆಯೇ ಬೀದಿಯ ಹೆಂಗಸರೆಲ್ಲ ಬಂದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಸರ್ಟಿಫಿಕೇಟ್ ಕೈಗೆ ಬಂದ ದಿನಕ್ಕಿಂತ ಅವತ್ತೇ ಹೆಚ್ಚು ಹಿಗ್ಗಿದೆ. ಅಜ್ಜಿ ಬಿಟ್ಟುಹೋದ ಆ ಹಗ್ಗ ಇನ್ನೂ ಗ್ರಂಥಾಲಯದ ಗೋಡೆಯ ಮೊಳೆಯಲ್ಲೇ ಇದೆ.